ವೋಲ್ವೋ ಕಾರು: ಹೆಸರಿಗೆಷ್ಟು, ಕಾರಿಗೆಷ್ಟು?

ಬೆಂಗಳೂರಿನಿಂದ ಮಂಗಳೂರಿಗೋ ಬೆಳಗಾವಿಗೋ ರಾತ್ರಿ ಬಸ್ಸು ಹತ್ತಿದವರಿಗೆ ವೋಲ್ವೋ ಹೊಸದಲ್ಲ. 2001ರಲ್ಲಿ ಬಿ7ಆರ್ ಬಸ್ಸು ಭಾರತದ ರಸ್ತೆಗಿಳಿಯಿತು. ಕೆಎಸ್‌ಆರ್‌ಟಿಸಿಯ ಐರಾವತ ಮನೆಮಾತಾಯಿತು. ಹಾಗಾಗಿ ಕಾರಿನ ಶೋರೂಮಿಗೆ ಹೋಗುವವರಲ್ಲೂ ಎಷ್ಟೋ ಮಂದಿಯ ತಲೆಯಲ್ಲಿರುವುದು ಆ ಬಸ್ಸೇ. 'ಅದೇ ಕಂಪನಿ ತಾನೇ?' ಅಂತ ಕೇಳುತ್ತಾರೆ. ಅದೇ ಕಂಪನಿ ಅಲ್ಲ. ಬಸ್ಸು, ಲಾರಿ ಮಾಡುವುದು ಎಬಿ ವೋಲ್ವೋ. ಅದು ತನ್ನ ಕಾರಿನ ವ್ಯವಹಾರವನ್ನು 1999ರಲ್ಲೇ ಅಮೆರಿಕದ ಫೋರ್ಡ್‌ಗೆ 645 ಕೋಟಿ ಡಾಲರಿಗೆ ಮಾರಿತು. ಫೋರ್ಡ್ ಅದನ್ನು 2010ರಲ್ಲಿ ಚೀನಾದ ಗೀಲಿಗೆ ದಾಟಿಸಿತು. ಇವತ್ತಿನ ವೋಲ್ವೋ ಕಾರಿನ ತಲೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದೆ, ಒಡೆತನದ ದೊಡ್ಡ ಪಾಲು ಗೀಲಿಯ ಕೈಯಲ್ಲಿದೆ.

ಗೊಂದಲಕ್ಕೆ ಇನ್ನೊಂದು ಕಾರಣವೂ ಉಂಟು. ಲಾರಿ, ಬಸ್ಸು ತಯಾರಾಗುವುದು ನಮ್ಮ ಹೊಸಕೋಟೆಯಲ್ಲಿ. 2017ರಲ್ಲಿ ವೋಲ್ವೋ ಎಕ್ಸ್‌ಸಿ90 ಕಾರಿನ ಜೋಡಣೆ ಶುರುವಾದದ್ದೂ ಅಲ್ಲೇ. ಹಾಗಂತ ಬಸ್ಸಿನ ಗುಣವನ್ನೋ ದೋಷವನ್ನೋ ಕಾರಿನ ತಲೆಗೆ ಕಟ್ಟಬಾರದು. 2013ರಲ್ಲಿ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದಾಗ ಜನ ವೋಲ್ವೋ ಎಂಬ ಹೆಸರಿಗೇ ಹೆದರಿದ್ದರು. ಕಾರು ಕೊಳ್ಳುವ ಲೆಕ್ಕಕ್ಕೆ ಆ ಭಯವೂ ಬೇಡ, ಐರಾವತದ ಮೇಲಿನ ಅಭಿಮಾನವೂ ಬೇಡ. ಕಾರನ್ನು ಕಾರೆಂದೇ ನೋಡೋಣ.

ಇತಿಹಾಸದ ಆರಂಭ ಚುಟುಕಾಗಿ ಹೇಳಬಹುದಾದದ್ದು. ಅಸ್ಸಾರ್ ಗೇಬ್ರಿಯೆಲ್‌ಸನ್ ವ್ಯಾಪಾರ ಬಲ್ಲವರು, ಗುಸ್ತಾಫ್ ಲಾರ್ಸನ್ ಎಂಜಿನಿಯರ್. ಬೇರಿಂಗ್ ತಯಾರಿಸುವ ಎಸ್‌ಕೆಎಫ್ ಬೆಂಬಲದಿಂದ ಇಬ್ಬರೂ ಸೇರಿ ಮಾಡಿದ ಮೊದಲ ಕಾರು 1927ರ ಏಪ್ರಿಲ್ 14ರಂದು ಕಾರ್ಖಾನೆಯಿಂದ ಹೊರಬಂತು. ಸ್ವೀಡನ್ನಿನ ಚಳಿಗೂ ಕೆಟ್ಟ ರಸ್ತೆಗೂ ತಡೆಯುವ ಗಾಡಿ ಬೇಕಿತ್ತು, ಅದಕ್ಕಾಗಿ ಮಾಡಿದರು. ಕಂಪನಿಗೆ ಸುರಕ್ಷತೆಯ ಹೆಸರು ತಂದುಕೊಟ್ಟ ಕೆಲಸ ನಡೆದದ್ದು ಅದಾಗಿ ಮೂವತ್ತು ವರ್ಷದ ಮೇಲೆ.

ಒಂದೇ ಕೈಯಲ್ಲಿ ಹಾಕಬಹುದಾದ ಬೆಲ್ಟ್

1958ರಲ್ಲಿ ಕಂಪನಿಯ ಮುಖ್ಯಸ್ಥ ಗುನ್ನಾರ್ ಎಂಗೆಲ್ಲಾವ್ ಅವರು ನಿಲ್ಸ್ ಬೋಲಿನ್ ಎಂಬ ಎಂಜಿನಿಯರನ್ನು ಕೆಲಸಕ್ಕೆ ತೆಗೆದುಕೊಂಡರು. ಬೋಲಿನ್ ಅದುವರೆಗೆ ಸಾಬ್ ಕಂಪನಿಯಲ್ಲಿದ್ದವರು. ಯುದ್ಧವಿಮಾನ ಕೆಟ್ಟಾಗ ಪೈಲಟ್‌ನನ್ನು ಸೀಟಿನ ಸಮೇತ ಹೊರಗೆಸೆಯುವ ವ್ಯವಸ್ಥೆ ಅವರ ಪರಿಣತಿ. ಆಗಿನ ಕಾರುಗಳಲ್ಲಿ ಸೊಂಟಕ್ಕೆ ಅಡ್ಡಲಾಗಿ ಕಟ್ಟುವ ಬೆಲ್ಟ್ ಇತ್ತು. ಡಿಕ್ಕಿಯಾದರೆ ಅದರ ಬಕಲ್ಲೇ ಹೊಟ್ಟೆಗೆ ಒತ್ತಿ ಒಳಗಿನ ಅಂಗಗಳಿಗೆ ಪೆಟ್ಟಾಗುತ್ತಿತ್ತು, ಎದೆ ತಲೆಗಳು ಮುಂದಕ್ಕೆ ಅಪ್ಪಳಿಸುತ್ತಿದ್ದವು.

ಬೋಲಿನ್ ಲೆಕ್ಕ ಸರಳವಾಗಿತ್ತು. ದೇಹದಲ್ಲಿ ಪೆಟ್ಟು ತಡೆದುಕೊಳ್ಳುವ ಗಟ್ಟಿ ಜಾಗಗಳೆಂದರೆ ಎದೆಯ ಗೂಡು ಮತ್ತು ಸೊಂಟದ ಮೂಳೆ. ಬೆಲ್ಟ್ ಇವೆರಡರ ಮೇಲೇ ಹಾಯಬೇಕು, ಬಕಲ್ ಹೊಟ್ಟೆಯ ಮೇಲಿರದೆ ಪಕ್ಕಕ್ಕೆ, ಸೊಂಟದ ಕೆಳಗೆ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅವಸರದಲ್ಲಿರುವವನೂ ಒಂದೇ ಕೈಯಲ್ಲಿ ಎಳೆದು ಸಿಕ್ಕಿಸುವಂತಿರಬೇಕು. ಪೈಲಟ್ ಆದರೆ ಎಷ್ಟು ಪಟ್ಟಿ ಬಿಗಿದರೂ ಸುಮ್ಮನೆ ಕೂರುತ್ತಾನೆ, ಮಾರ್ಕೆಟ್ಟಿಗೆ ಹೊರಟವನು ಕೂರುವುದಿಲ್ಲ. ಹೀಗೆ 1959ರ ಆಗಸ್ಟ್‌ನಲ್ಲಿ ಮೂರು ಬಿಂದುಗಳಲ್ಲಿ ಹಿಡಿಯುವ ಸೀಟ್ ಬೆಲ್ಟ್ ಇದ್ದ ವೋಲ್ವೋ ಮಾರಾಟಕ್ಕೆ ಬಂತು. ಪೇಟೆಂಟ್ ಕೈಯಲ್ಲಿದ್ದರೂ ಕಂಪನಿ ಅದನ್ನು ಬೇರೆಯವರೂ ಬಳಸಲು ಬಿಟ್ಟುಕೊಟ್ಟಿತು. ಇವತ್ತು ನಿಮ್ಮ ಆಲ್ಟೋದಲ್ಲಿ, ಓಲಾ ಟ್ಯಾಕ್ಸಿಯಲ್ಲಿ ಇರುವುದು ಮೂಲತಃ ಅದೇ ವಿನ್ಯಾಸ.

ಆದರೆ ಬೆಲ್ಟ್ ಕೊಟ್ಟ ಮಾತ್ರಕ್ಕೆ ಜನ ಹಾಕಲಿಲ್ಲ, ಅಲ್ಲೂ ಇಲ್ಲಿಯಂತೆಯೇ. ಹಾಗಾಗಿ ಬೋಲಿನ್ ಸ್ವೀಡನ್ನಿನಲ್ಲಿ ವೋಲ್ವೋ ಕಾರುಗಳಿಗಾದ 28,000 ಅಪಘಾತಗಳ ದಾಖಲೆ ಹಿಡಿದು ಕೂತರು. 1967ರಲ್ಲಿ ಮಂಡಿಸಿದ ಆ ವರದಿಯ ಸಾರ ಇಷ್ಟು: ಬೆಲ್ಟ್ ಹಾಕಿದ್ದವರಲ್ಲಿ ಗಂಟೆಗೆ 60 ಮೈಲಿಗಿಂತ, ಅಂದರೆ ಸುಮಾರು 96 ಕಿ.ಮೀ.ಗಿಂತ ಕಡಿಮೆ ವೇಗದ ಅಪಘಾತದಲ್ಲಿ ಒಬ್ಬರೂ ಸತ್ತಿರಲಿಲ್ಲ. ಹಾಕದವರು ಎಲ್ಲ ವೇಗಗಳಲ್ಲೂ, ತೀರಾ ನಿಧಾನದ ಡಿಕ್ಕಿಗಳಲ್ಲೂ ಸತ್ತಿದ್ದರು.

ವೋಲ್ವೋದ ಹೆಸರು ಹುಟ್ಟಿದ್ದು ದಪ್ಪ ತಗಡಿನಿಂದ ಅಂತ ನಮ್ಮಲ್ಲಿ ನಂಬಿಕೆ. ನನ್ನ ಮಟ್ಟಿಗೆ ಅದು ಹುಟ್ಟಿದ್ದು ಈ ಲೆಕ್ಕದ ಚಾಳಿಯಿಂದ. 1970ರಿಂದ ಕಂಪನಿಗೆ ಅಪಘಾತಗಳನ್ನು ಅಭ್ಯಾಸ ಮಾಡುವ ತನ್ನದೇ ತಂಡವಿದೆ. ಗೋಥೆನ್‌ಬರ್ಗ್ ಸುತ್ತಮುತ್ತ ವೋಲ್ವೋ ಗುದ್ದಿಕೊಂಡರೆ ಆ ತಂಡದವರು ಹೊತ್ತು ಗೊತ್ತಿಲ್ಲದೆ ಹೊರಟು, ಜಾಗಕ್ಕೆ ಹೋಗಿ ಅಳೆದು, ಪೊಲೀಸರ ವರದಿ, ಗಾಯದ ವಿವರ ತರಿಸಿ ನೋಡುತ್ತಾರೆ. ಪಕ್ಕದಿಂದ ಗುದ್ದಿದಾಗ ಕಾಪಾಡುವ ಏರ್‌ಬ್ಯಾಗ್ 1994ರಲ್ಲಿ, ಹಿಂದಿನಿಂದ ಗುದ್ದಿದಾಗ ಕತ್ತು ಉಳುಕದಂತೆ ಹಿಂದಕ್ಕೆ ಬಾಗುವ ಸೀಟು 1998ರಲ್ಲಿ, ಮುಂದಿನ ವಾಹನಕ್ಕೆ ಗುದ್ದುವ ಮೊದಲು ತಾನೇ ಬ್ರೇಕ್ ಒತ್ತುವ ಸಿಟಿ ಸೇಫ್ಟಿ 2008ರಲ್ಲಿ ಬಂದವು. ಇವುಗಳ ಹಿಂದೆ ಇರುವುದು ಈ ಕಡತಗಳೇ. ಡಿಕ್ಕಿ ಪರೀಕ್ಷೆಯ ಬೊಂಬೆಗಳು ದಶಕಗಳ ಕಾಲ ಗಂಡಸಿನ ಅಳತೆಯವೇ ಆಗಿದ್ದವು. ಹೆಂಗಸರಿಗೆ ಯಾವ ಪೆಟ್ಟು ಹೆಚ್ಚು ಎಂಬ ತನ್ನ ಅಪಘಾತ ಸಂಶೋಧನೆಯನ್ನು ವೋಲ್ವೋ 2019ರಲ್ಲಿ ಎಲ್ಲರಿಗೂ ತೆರೆದಿಟ್ಟಿತು.

ಹೆಸರನ್ನು ಎಷ್ಟು ನಂಬಬೇಕು?

ಪೂರ್ತಿ ನಂಬುವುದು ಬೇಡ. 1990ರಲ್ಲಿ ಅಮೆರಿಕದಲ್ಲಿ ಒಂದು ಜಾಹೀರಾತು ಬಂತು. ದೈತ್ಯ ಚಕ್ರದ ಟ್ರಕ್ಕೊಂದು ಸಾಲಾಗಿ ನಿಂತ ಕಾರುಗಳ ಮೇಲೆ ಹತ್ತಿ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ, ವೋಲ್ವೋ ಮಾತ್ರ ನೆಟ್ಟಗೆ ನಿಂತಿರುತ್ತದೆ. ಆಮೇಲೆ ಗುಟ್ಟು ಹೊರಬಿತ್ತು. ಚಿತ್ರೀಕರಣಕ್ಕೆ ಬಳಸಿದ ವೋಲ್ವೋದ ಚಾವಣಿಗೆ ಒಳಗಿನಿಂದ ಆಸರೆ ಕೊಟ್ಟಿದ್ದರು, ಬೇರೆ ಕಾರುಗಳ ಕಂಬಗಳನ್ನು ಸಡಿಲಗೊಳಿಸಿದ್ದರು. ಟೆಕ್ಸಾಸ್ ರಾಜ್ಯ ಸರ್ಕಾರ ಕಾನೂನು ಕ್ರಮಕ್ಕಿಳಿಯಿತು, ಕಂಪನಿ ಪತ್ರಿಕೆಗಳಲ್ಲಿ ತಪ್ಪೊಪ್ಪಿಗೆ ಪ್ರಕಟಿಸಬೇಕಾಯಿತು. ನಿಜಕ್ಕೂ ಗಟ್ಟಿಯಿದ್ದ ಕಾರಿಗೆ ಇಂಥ ನಾಟಕ ಯಾಕೆ ಬೇಕಿತ್ತೋ!

ಇನ್ನೊಂದು ಪ್ರಸಂಗವಂತೂ ವಿಧಿಯ ಅಣಕದಂತಿದೆ. ಸೀಟ್ ಬೆಲ್ಟ್ ಕೊಟ್ಟ ಕಂಪನಿ 2020ರಲ್ಲಿ ಸೀಟ್ ಬೆಲ್ಟಿನ ಕಾರಣಕ್ಕೇ ಜಗತ್ತಿನಾದ್ಯಂತ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಿತು. ಮುಂದಿನ ಸೀಟಿನ ಬೆಲ್ಟಿಗೆ ಸೇರಿದ ಉಕ್ಕಿನ ತಂತಿ ವರ್ಷಗಟ್ಟಲೆ ಬಾಗಿ ಬಾಗಿ ದಣಿಯಬಹುದು ಎಂಬುದು ಕಾರಣ. 2006ರಿಂದೀಚೆಗೆ ತಯಾರಾದ ಎಸ್60, ಎಕ್ಸ್‌ಸಿ60, ಎಸ್80 ಮುಂತಾದವು ಅದರಲ್ಲಿದ್ದವು. ಹಳೆಯ ವೋಲ್ವೋ ನೋಡುತ್ತಿರುವವರು ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯವರ ಪರೀಕ್ಷೆ ಏನು ಹೇಳುತ್ತದೆ? ಅಮೆರಿಕದ ವಿಮಾ ಕಂಪನಿಗಳ ಸಂಸ್ಥೆ ಐಐಎಚ್‌ಎಸ್ 2012ರಲ್ಲಿ ಹೊಸ ಪರೀಕ್ಷೆ ತಂದಿತು. ಕಾರಿನ ಮುಂಭಾಗದ ಕಾಲು ಭಾಗ ಮಾತ್ರ ಅಡ್ಡಗೋಡೆಗೆ ತಾಗುವಂತೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸುವುದು. ಮರಕ್ಕೋ ಕಂಬಕ್ಕೋ ಓರೆಯಾಗಿ ಬಡಿದಂತೆ. ಮೊದಲ ಸುತ್ತಿನ 11 ಐಷಾರಾಮಿ ಕಾರುಗಳಲ್ಲಿ 'ಉತ್ತಮ' ಎನಿಸಿಕೊಂಡದ್ದು ಎರಡೇ, ಅಕ್ಯುರಾ ಟಿಎಲ್ ಮತ್ತು ವೋಲ್ವೋ ಎಸ್60. ಮರ್ಸಿಡಿಸ್ ಸಿ ಕ್ಲಾಸ್, ಆಡಿ ಎ4 'ಕಳಪೆ' ಪಟ್ಟಿಗೆ ಬಿದ್ದವು. ಇಂಥದೇ ಪರೀಕ್ಷೆಯನ್ನು ವೋಲ್ವೋ ಎಂಬತ್ತರ ದಶಕದ ಕೊನೆಯಿಂದಲೇ ತನ್ನ ಪಾಡಿಗೆ ಮಾಡಿಕೊಂಡು ಬಂದಿತ್ತು. ಯಾರೂ ಕೇಳದ ಪ್ರಶ್ನೆಗೆ ಮೊದಲೇ ಓದಿಕೊಂಡದ್ದು ನನಗೆ ಹತ್ತು ಜಾಹೀರಾತಿಗಿಂತ ದೊಡ್ಡದಾಗಿ ಕಾಣುತ್ತದೆ.

ಆದರೆ ಅದೇ ಸಂಸ್ಥೆಯ 2015ರ ಅಧ್ಯಯನವನ್ನೂ ಜೊತೆಗಿಟ್ಟು ಓದಬೇಕು. 2011ರ ಮಾಡೆಲ್‌ಗಳಲ್ಲಿ ಚಾಲಕರ ಸಾವು ಸೊನ್ನೆ ಇದ್ದ ಒಂಬತ್ತು ಕಾರುಗಳಲ್ಲಿ ಎಕ್ಸ್‌ಸಿ90 ಒಂದು. ಉಳಿದ ಎಂಟರಲ್ಲಿ ಹೋಂಡಾ ಒಡಿಸ್ಸಿ, ಕಿಯಾ ಸೊರೆಂಟೊ, ಟೊಯೊಟಾ ಹೈಲ್ಯಾಂಡರ್, ಆಡಿ ಎ4 ಎಲ್ಲ ಇದ್ದವು. ಸುರಕ್ಷತೆ ಈಗ ಒಬ್ಬರ ಸೊತ್ತಲ್ಲ. ಬೇರೆ ಕಂಪನಿಗಳು ಕಲಿತಿವೆ, ಅರ್ಧ ಪಾಠ ವೋಲ್ವೋದಿಂದಲೇ ಕಲಿತಿವೆ.

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳದಿರಲಾಗದು. ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಬಂದು ಎದುರುಗಡೆಯ ಎಕ್ಸ್‌ಸಿ90 ಮೇಲೆ ಉರುಳಿತು. ಕಾರಿನಲ್ಲಿದ್ದ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. 'ಅಷ್ಟು ಸೇಫ್ ಕಾರಿನಲ್ಲೇ ಹೀಗಾಯಿತಲ್ಲ' ಎಂದು ನಾಡಿಗೆ ನಾಡೇ ಮರುಗಿತು. ಯಾವ ಪ್ರಯೋಗಾಲಯದಲ್ಲೂ ಕಾರಿನ ಮೇಲೆ ಕಂಟೇನರ್ ಬೀಳಿಸಿ ನೋಡುವುದಿಲ್ಲ. ಐದು ಸ್ಟಾರ್ ಎಂದರೆ ಗೊತ್ತಾದ ವೇಗದಲ್ಲಿ, ಗೊತ್ತಾದ ಕೋನದಲ್ಲಿ ನಡೆಸಿದ ಕೆಲವು ಡಿಕ್ಕಿಗಳ ಫಲಿತಾಂಶ. ಎಕ್ಸ್‌ಸಿ60 ಯುರೋಪಿನ ಡಿಕ್ಕಿ ಪರೀಕ್ಷೆಯಾದ ಯೂರೋ ಎನ್‌ಕ್ಯಾಪ್‌ನಲ್ಲಿ 2017ರಲ್ಲಿ ದೊಡ್ಡವರ ರಕ್ಷಣೆಗೆ ಶೇ 98 ಅಂಕ ಪಡೆದದ್ದು ನಿಜವಾಗಿಯೂ ದೊಡ್ಡ ಮಾತು. ಆದರೆ ಪರೀಕ್ಷೆಯ ನಿಯಮಗಳು ಎರಡು ಮೂರು ವರ್ಷಕ್ಕೊಮ್ಮೆ ಬಿಗಿಯಾಗುತ್ತವೆ. 2017ರ ಅಂಕವನ್ನು 2024ರ ಅಂಕದ ಪಕ್ಕ ಇಟ್ಟು ಹೋಲಿಸಬೇಡಿ, ಪರೀಕ್ಷೆಯಾದ ವರ್ಷವನ್ನು ಕಡ್ಡಾಯವಾಗಿ ನೋಡಿ.

ಇಟ್ಟುಕೊಂಡವರು ಹೇಳುವುದು

ವೋಲ್ವೋ ಮಾಲೀಕರು ಮೊದಲು ಹೊಗಳುವುದು ಏರ್‌ಬ್ಯಾಗನ್ನಲ್ಲ, ಸೀಟನ್ನು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೇ ಉಸಿರಿಗೆ ಬಂದರೂ ಸೊಂಟ ಹಿಡಿಯುವುದಿಲ್ಲ ಎಂಬುದು ಸಾಮಾನ್ಯವಾಗಿ ಕೇಳುವ ಮಾತು. ಬಾಗಿಲು ಮುಚ್ಚಿದರೆ ಬರುವ ಗಟ್ಟಿ ಸದ್ದು, ಹೆದ್ದಾರಿಯಲ್ಲಿ ಅಲುಗದ ಓಟ, ಒಳಗಿನ ಮೌನ ಆಮೇಲೆ. ತಕರಾರುಗಳೂ ಹೆಚ್ಚುಕಡಿಮೆ ಒಂದೇ ಥರ: ಎಸಿಯಿಂದ ಹಿಡಿದು ಎಲ್ಲವೂ ಟಚ್ ಸ್ಕ್ರೀನಿನೊಳಗೆ ಸೇರಿಕೊಂಡಿವೆ, ಹಳೆಯ ಗಾಡಿಗಳಲ್ಲಿ ಆ ಪರದೆ ನಿಧಾನ. ಬಿಡಿಭಾಗ ಹೊರಗಿಂದ ಬರಬೇಕಾದರೆ ಕಾಯಬೇಕು. ಸರ್ವಿಸ್ ಬಿಲ್ಲು ಟೊಯೊಟಾ ಬಿಲ್ಲಿನಂತಿರುವುದಿಲ್ಲ. ಮರುಮಾರಾಟದ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಜೋರಾಗಿ ಇಳಿಯುತ್ತದೆ. ಮಾರುವವರಿಗೆ ಇದು ಕಹಿ, ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಸಿಹಿ.

ತಾನೇ ಬ್ರೇಕ್ ಹಾಕುವ ವ್ಯವಸ್ಥೆಯ ಬಗ್ಗೆ ನಮ್ಮ ರಸ್ತೆಯಲ್ಲಿ ಎರಡು ಮಾತಿದೆ. ಆಟೋ ಅಡ್ಡ ಬಂದಾಗ ಉಳಿಸಿತು ಎನ್ನುವವರಿದ್ದಾರೆ. ಬೈಕು ಸವರಿಕೊಂಡು ಹೋದದ್ದಕ್ಕೇ ಗಕ್ಕನೆ ಬ್ರೇಕ್ ಹಿಡಿದು ಎದೆ ಝಲ್ಲೆನಿಸಿತು ಎನ್ನುವವರೂ ಇದ್ದಾರೆ. ಎರಡೂ ಸಾಧ್ಯ. ಮೂಸ್ ಎಂಬ ದೊಡ್ಡ ಕಡವೆಯನ್ನು ಗುರುತಿಸಲು ಸ್ವೀಡನ್ನಿನಲ್ಲಿ ಪಳಗಿದ ಈ ವ್ಯವಸ್ಥೆ, ಆಸ್ಟ್ರೇಲಿಯಾದಲ್ಲಿ ಕಾಂಗರೂ ಕಂಡು ತಬ್ಬಿಬ್ಬಾಯಿತು ಎಂದು 2017ರಲ್ಲಿ ಕಂಪನಿಯವರೇ ಹೇಳಿದ್ದರು. ಕಾಂಗರೂ ಗಾಳಿಯಲ್ಲಿ ನೆಗೆದಾಗ ದೂರವಿದ್ದಂತೆ, ನೆಲಕ್ಕಿಳಿದಾಗ ಹತ್ತಿರ ಬಂದಂತೆ ಕಂಡಿತಂತೆ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ರಾತ್ರಿ ಹೆದ್ದಾರಿಯಲ್ಲಿ ಮಲಗಿದ ದನ, ಲೇನಿನ ಗೆರೆ ಅಳಿಸಿಹೋದ ರಸ್ತೆ ಇವೆಲ್ಲ ನಮ್ಮ ಕಾಂಗರೂಗಳು. ವ್ಯವಸ್ಥೆಯನ್ನು ಚಾಲೂ ಇಡಿ, ಸ್ಟಿಯರಿಂಗ್ ಮಾತ್ರ ಅದಕ್ಕೆ ಒಪ್ಪಿಸಬೇಡಿ. 2020ರಿಂದ ಕಂಪನಿ ತನ್ನ ಹೊಸ ಕಾರುಗಳ ವೇಗವನ್ನು ಗಂಟೆಗೆ 180 ಕಿ.ಮೀ.ಗೆ ಕಟ್ಟಿಹಾಕಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯೇ 100 ಇರುವಾಗ ಅದರ ಬಗ್ಗೆ ಗೊಣಗುವವರನ್ನು ಕಂಡರೆ ನಗು ಬರುತ್ತದೆ.

ಬಾಳಿಕೆಯ ಮಾತು ಬಂದಾಗಲೆಲ್ಲ ಅಮೆರಿಕದ ಶಿಕ್ಷಕ ಇರ್ವ್ ಗಾರ್ಡನ್ ಹೆಸರು ಬರುತ್ತದೆ. 1966ರಲ್ಲಿ ಕೊಂಡ ಪಿ1800 ಕಾರನ್ನು ಅವರು 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ 48 ಲಕ್ಷ ಕಿ.ಮೀ. ಓಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅವರ ಗುಟ್ಟು ಇಷ್ಟೇ: ಕೈಪಿಡಿ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುವುದು. ಆದರೆ ಆ ಕಾರಿನಲ್ಲಿ ಸಾಫ್ಟ್‌ವೇರ್ ಇರಲಿಲ್ಲ. ಈಗಿನ ವೋಲ್ವೋದಲ್ಲಿ ಎಂಜಿನ್ನಿಗಿಂತ ಮೊದಲು ಕೈಕೊಡುವುದು ಎಲೆಕ್ಟ್ರಾನಿಕ್ಸ್, ಮತ್ತು ಅದು ಊರಿನ ಮೆಕ್ಯಾನಿಕ್‌ನ ಸ್ಪ್ಯಾನರಿಗೆ ಬಗ್ಗುವುದಿಲ್ಲ. ಆದ್ದರಿಂದ ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಮನೆಯಿಂದ ಅಧಿಕೃತ ಸರ್ವಿಸ್ ಎಷ್ಟು ದೂರ ಎಂದು ಅಳೆಯಿರಿ. ಕಲಬುರಗಿಯಲ್ಲೋ ಸಿರಸಿಯಲ್ಲೋ ಇರುವವರಿಗೆ ಕಾರಿನ ಬೆಲೆಗಿಂತ ಮುಖ್ಯ ಪ್ರಶ್ನೆ ಇದು. ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಆಟೋಮ್ಯಾಟಿಕ್ ಗೇರ್, ನಾಲ್ಕು ಚಕ್ರದ ಚಾಲನೆ ಇರುವ ಗಾಡಿಯನ್ನು ಫ್ಲಾಟ್‌ಬೆಡ್ ಲಾರಿಯ ಮೇಲೆ ಏರಿಸಿಯೇ ಸಾಗಿಸಬೇಕು.

ದುಡ್ಡು, ಮಕ್ಕಳು, ಹಳೆಯ ಗಾಡಿ

ಹೊಸದಾದರೆ 2025ರಲ್ಲಿ ಎಲೆಕ್ಟ್ರಿಕ್ ಇಎಕ್ಸ್30 ನಲವತ್ತೊಂದು ಲಕ್ಷದ, ಎಕ್ಸ್‌ಸಿ60 ಎಪ್ಪತ್ತು ಲಕ್ಷದ, ಎಕ್ಸ್‌ಸಿ90 ಕೋಟಿಯ ಆಸುಪಾಸಿನಲ್ಲಿದ್ದವು. ಇದು ಶೋರೂಂ ಬೆಲೆ. ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಶೇ 18ರ ಲೈಫ್ ಟೈಮ್ ತೆರಿಗೆ, ಅದರ ಮೇಲೆ ಸೆಸ್. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೂ 2024ರಲ್ಲಿ ಶೇ 10 ತೆರಿಗೆ ಬಂತು. ಕೊಳ್ಳುವ ದಿನ ಆರ್‌ಟಿಒ ದರ ಒಮ್ಮೆ ನೋಡಿಕೊಳ್ಳಿ. ದೆಹಲಿ, ಮುಂಬೈಯಿಂದ ಅಗ್ಗಕ್ಕೆ ಬಂದ ಹಳೆಯ ವೋಲ್ವೋ ಎಂದು ಹಿಗ್ಗುವವರು ಎನ್‌ಒಸಿ ಸಿಗುತ್ತದೆಯೇ, ಇಲ್ಲಿನ ತೆರಿಗೆ ಎಷ್ಟಾಗುತ್ತದೆ ಎಂದು ಕೂಡಿಸಿ ನೋಡಲಿ. ಎಷ್ಟೋ ಸಲ ಅಗ್ಗ ಅಲ್ಲೇ ಕರಗುತ್ತದೆ.

ಮಗು ಇರುವ ಮನೆಯವರು ಚೈಲ್ಡ್ ಸೀಟಿನ ದುಡ್ಡನ್ನು ಮೊದಲೇ ತೆಗೆದಿಡಿ. ಮಗುವನ್ನು ಹಿಂದಕ್ಕೆ ಮುಖ ಮಾಡಿ ಕೂರಿಸುವ ಸೀಟಿನ ಮೊದಲ ಮಾದರಿಯನ್ನು ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಬರ್ಟಿಲ್ ಆಲ್ಡ್‌ಮನ್ 1964ರಲ್ಲಿ ವೋಲ್ವೋದಲ್ಲೇ ಪರೀಕ್ಷಿಸಿದರು. ಬೆನ್ನಿಗೆ ಒರಗಿ ಮಲಗುವ ಗಗನಯಾತ್ರಿಗಳ ಸೀಟು ಅವರಿಗೆ ಹೊಳಹು ಕೊಟ್ಟಿತ್ತು. ಸಣ್ಣ ಮಗುವಿನ ತಲೆ ಭಾರ, ಕತ್ತು ಎಳೆಯದು. ಹಿಂದಕ್ಕೆ ಮುಖ ಮಾಡಿ ಕೂತರೆ ಡಿಕ್ಕಿಯ ಪೆಟ್ಟು ಬೆನ್ನಿಗೆಲ್ಲ ಹರಡುತ್ತದೆ. ನಾಲ್ಕು ವರ್ಷದವರೆಗೆ ಹೀಗೆಯೇ ಕೂರಿಸಿ ಎಂಬುದು ಅಲ್ಲಿನವರ ಸಲಹೆ. ನಮ್ಮಲ್ಲಿ ಕೋಟಿಯ ಕಾರಿನಲ್ಲೂ ಕೂಸನ್ನು ಮುಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೂರಿಸುತ್ತಾರೆ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮೊದಲ ಪೆಟ್ಟು ಆ ಕೂಸಿಗೇ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ, ಹಾಕದಿದ್ದರೆ ಸಾವಿರ ರೂಪಾಯಿ ದಂಡ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರಿದ್ದದ್ದು ಮರ್ಸಿಡಿಸ್‌ನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರು ಮೊದಲು ಚಾಸಿಸ್ ನಂಬರು ಹಿಡಿದು ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ. ರೀಕಾಲ್ ಬಾಕಿ ಇದೆಯೇ, 2020ರ ಬೆಲ್ಟ್ ಕೆಲಸ ಆಗಿದೆಯೇ ಎಂದು ಕೇಳಿ, ಸರ್ವಿಸ್ ಇತಿಹಾಸ ಪೂರ್ತಿ ಪಡೆಯಿರಿ. ಐದು ಸಿಲಿಂಡರಿನ ಹಳೆಯ ಡೀಸೆಲ್ ಆದರೆ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಕೇಳಿ. ಅದು ತುಂಡಾದರೆ ಎಂಜಿನ್ನೇ ಹೋದಂತೆ. ಏರ್ ಸಸ್ಪೆನ್ಷನ್ ಇರುವ ಎಕ್ಸ್‌ಸಿ90 ಆದರೆ ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಯಾವುದಾದರೂ ಮೂಲೆ ಕುಸಿದಿದೆಯೇ ನೋಡಿ. ರೇಡಾರ್ ಆಧರಿಸಿದ ಸೌಲಭ್ಯಗಳು ಹಳೆಯ ಭಾರತೀಯ ಮಾಡೆಲ್‌ಗಳಲ್ಲಿ ಇರದಿರಬಹುದು. ವಿದೇಶದ ವಿಡಿಯೊ ನೋಡಿ ಇದೆ ಎಂದುಕೊಳ್ಳದೆ, ಆ ಗಾಡಿಯಲ್ಲೇ ಕೂತು ಮೆನು ತೆರೆದು ನೋಡಿ. ಮುಂದಿನ ಗಾಜು ಬದಲಾಗಿದ್ದರೆ ಎಲ್ಲಿ ಬದಲಿಸಿದರು ಎಂದು ವಿಚಾರಿಸಿ. ಸಿಟಿ ಸೇಫ್ಟಿಯ ಕಣ್ಣು ಇರುವುದು ಆ ಗಾಜಿನ ಹಿಂದೆ. ಗಾಜು ಕೂರಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸದಿದ್ದರೆ ಆ ಕಣ್ಣಿಗೆ ರಸ್ತೆ ಸೊಟ್ಟ ಕಾಣುತ್ತದೆ.

2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ಎಷ್ಟೋ ದುಬಾರಿ ಕಾರುಗಳು ನೀರು ಕುಡಿದವು. ಅಂಥವು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಪತ್ತೆಗೆ ಒಂದು ಉಪಾಯವಿದೆ. ಪ್ರತಿ ಸೀಟಿನ ಬೆಲ್ಟನ್ನು ಕೊನೆಯವರೆಗೂ ನಿಧಾನವಾಗಿ ಎಳೆಯಿರಿ. ಸೀಟು, ಮ್ಯಾಟು ಹೊಸದು ಹಾಕುವವರು ಬೆಲ್ಟಿನ ಸುರುಳಿಯೊಳಗಿನ ಕೆಸರಿನ ಗೆರೆಯನ್ನು ಮರೆತಿರುತ್ತಾರೆ. ಹಾಗೆಯೇ ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ದಿನಾಂಕ ಓದಿ. ಕಾರು 2016ರದ್ದು, ಮುಂದಿನ ಎರಡು ಬೆಲ್ಟು ಮಾತ್ರ ಅದಕ್ಕಿಂತ ಈಚಿನವು ಎಂದಾದರೆ ರೀಕಾಲ್‌ನಲ್ಲಿ ಬದಲಾದವೇ ಎಂದು ಸರ್ವಿಸ್ ಸೆಂಟರಿನ ದಾಖಲೆ ನೋಡಿ. ಅಲ್ಲಿ ಇಲ್ಲದಿದ್ದರೆ ಆ ಗಾಡಿ ಏರ್‌ಬ್ಯಾಗ್ ಬಿಚ್ಚುವಷ್ಟು ಜೋರಾಗಿ ಎಲ್ಲೋ ಗುದ್ದಿಕೊಂಡಿರುವ ಸಾಧ್ಯತೆ ಹೆಚ್ಚು. ಮಾರುವವರನ್ನು ನೇರವಾಗಿ ಕೇಳಿ, ವಿಮೆಯ ಕ್ಲೇಮ್ ಕಾಗದ ತೋರಿಸಲು ಹೇಳಿ. ತಡವರಿಸಿದರೆ ಬೆಲೆ ಚೌಕಾಸಿಗೆ ಇಳಿಯದೆ ಬೇರೆ ಗಾಡಿ ನೋಡಿ.